ನೆಲೆ ತಪ್ಪಿಸುವ ವಿದ್ಯೆ

ಕೃಷ್ಣೆಗೂ ಘಟಪ್ರಭೆಗೂ ನಡುವೆ ಹರಡಿಕೊಂಡಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಜಾತ್ರೆಯೆಂದ ಮೇಲೆ ಕುಸ್ತಿಯ ಕಣವೊಂದು ಸಿದ್ಧವಾಗಬೇಕೆಂಬುದು ಬಹುಕಾಲದ ವಾಡಿಕೆ. ತೆಂಗಿನಕಾಯಿಗಾಗಿ ಸೆಣಸುವ ಚಿಕ್ಕ ಹುಡುಗರ ಜೋಡಿಗಳಿಂದ ಮೊದಲಾಗಿ ಬೆಳ್ಳಿಯ ಕಡೆ, ಬೆಳ್ಳಿಯ ಗದೆಗಳಿಗಾಗಿ ಇಳಿಯುವ ಹೆಸರಾಂತ ಪೈಲವಾನರವರೆಗೆ ಸಾಲುಸಾಲಾಗಿ ನಡೆಯುವ ಆ ಕುಸ್ತಿಗಳಲ್ಲಿ, ಹಲಗೆಯ ಬಡಿತಕ್ಕೆ ಮೈಮರೆತು ಕಣದ ಸುತ್ತಲೂ ಮಾಳಿಗೆಗಳ ಮೇಲೂ ನೆರೆದ ಜನಸ್ತೋಮವು ಒಕ್ಕೊರಲಿನಿಂದ ಕೂಗುವುದು ಒಬ್ಬನ ಬೆನ್ನು ಮಣ್ಣಿಗೆ ಹತ್ತಿದ ಕ್ಷಣದಲ್ಲಿ. ಆದರೆ ಆ ಕೂಗಿಗೆ ಒಂದೆರಡು ಕ್ಷಣ ಮುಂಚಿತವಾಗಿಯೇ ಕುಸ್ತಿಯು ತೀರ್ಮಾನವಾಗಿ ಹೋಗಿರುತ್ತದೆ. ಸೋತವನ ಒಂದು ಹಿಮ್ಮಡಿ ನೆಲವನ್ನು ಬಿಟ್ಟು ಮೇಲೆದ್ದುದು, ಅವನ ಮೈಭಾರವೆಲ್ಲ ಮತ್ತೊಂದು ಕಾಲಿನ ಬೆರಳುಗಳ ಮೇಲೆ ಬಂದು ನಿಂತುದು, ಅವನ ಭುಜವು ಸೊಂಟದ ನೇರವನ್ನು ಬಿಟ್ಟು ಮುಂದಕ್ಕೆ ಸರಿದುದು, ಇವನ್ನೆಲ್ಲ ಕಂಡವರು ಕಣದ ಅಂಚಿನಲ್ಲಿ ಕುಳಿತ ಹಳೆಯ ವಸ್ತಾದರು. ಎತ್ತಿ ಒಗೆಯುವ ಪಟ್ಟು ನೋಟಕ್ಕೆ ಭವ್ಯವಾದುದು. ಅದಕ್ಕೆ ಪೂರ್ವಭಾವಿಯಾಗಿ ನಡೆಯುವ, ಎದುರಾಳಿಯ ನೆಲೆ ತಪ್ಪಿಸುವ ಕೆಲಸವು ನೋಟಕ್ಕೆ ಅಲ್ಪವಾದುದು. ಗರಡಿಮನೆಗೆ ಹೊಸದಾಗಿ ಬಂದ ಹುಡುಗನಿಗೆ ಮೊದಲು ಕಲಿಸಬೇಕಾದುದು ಈ ಎರಡನೆಯದನ್ನು. ಮತ್ತು ಎಲ್ಲವನ್ನೂ ಬೇಗನೆ ಕಲಿತುಬಿಡಬೇಕೆಂಬ ಆತುರದಲ್ಲಿ ನಾವು ಮೊದಲು ಕೈಬಿಡುತ್ತಿರುವುದೂ ಇದನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಸೀಮೆಯ ಕುಸ್ತಿಗೆ ಸಂಸ್ಥಾನಗಳ ಆಶ್ರಯದಲ್ಲಿ ಬೆಳೆದ ಇತಿಹಾಸವಿದೆ. ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ 1948ರವರೆಗೆ ಆಳಿದರು. ಆ ವರ್ಷ ಅವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ವಿಜಾಪುರ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದು, 1997ರಿಂದೀಚೆಗೆ ಬಾಗಲಕೋಟೆ ಜಿಲ್ಲೆಗೆ ಸೇರಿವೆ. ಸಾಂಗ್ಲಿ, ಮಿರಜಗಳ ಅರಸರು ಜಮಖಂಡಿಯ ಪಟವರ್ಧನರ ದಾಯಾದಿಗಳು. ಅಲ್ಲಿಂದ ಮುಂದೆ ಅನತಿದೂರದಲ್ಲಿ ಕೊಲ್ಲಾಪುರ. ಕುಸ್ತಿಯನ್ನು ರಾಜಧರ್ಮದ ಒಂದು ಅಂಗವೆಂಬಂತೆ ಪೋಷಿಸಿದ ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿ ಮುಗಿಸಿದ ಮೇಲೆ ಆ ನಗರವು ದಕ್ಷಿಣದ ಮಲ್ಲರೆಲ್ಲರಿಗೂ ಯಾತ್ರಾಸ್ಥಳವಾಯಿತು. ಗಂಗಾವೇಸ, ಶಾಹೂಪುರಿ, ಮೋತಿಬಾಗ ತಾಲೀಮುಗಳಲ್ಲಿ ಇದ್ದು ಕಲಿತು ಬರುವುದು ನಮ್ಮ ಕಡೆಯ ಹುಡುಗರಿಗೂ ಹೆಮ್ಮೆಯ ಸಂಗತಿಯಾಗಿತ್ತು. ಚಿಕ್ಕೋಡಿಯ ಕಡೆಯ ಎಕ್ಸಂಬೆಯಲ್ಲಿ ಹುಟ್ಟಿ ಕೊಲ್ಲಾಪುರದಲ್ಲಿ ಬೆಳೆದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ಮೊತ್ತಮೊದಲ ಹಿಂದ್ ಕೇಸರಿಯಾದುದನ್ನು ನೆನೆದರೆ, ಭಾಷೆಯ ಗಡಿಗಳು ಮಲ್ಲವಿದ್ಯೆಗೆ ಎಂದೂ ಅಡ್ಡಿಯಾಗಿರಲಿಲ್ಲವೆಂಬುದು ಮನವರಿಕೆಯಾಗುತ್ತದೆ. ಆದುದರಿಂದಲೇ ನಮ್ಮ ಗರಡಿಗಳಲ್ಲಿ ಕನ್ನಡದ ಮಾತಿನೊಡನೆ ಧಾಕ್, ಟಾಂಗ್, ಕಲಾಜಂಗ್, ಧೋಬಿಪಛಾಡ್, ಘಿಸ್ಸಾ, ನಿಕಾಲ್ ಎಂಬ ಹೆಸರುಗಳು ಸಹಜವಾಗಿ ಬೆರೆತುಹೋಗಿವೆ.

ಮಲ್ಲವಿದ್ಯೆಯ ಚಿಂತನೆಯಾದರೋ ಸಂಸ್ಥಾನಗಳಿಗಿಂತ ಬಹು ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವಿದ್ದು, ಮಲ್ಲರ ವರ್ಗಗಳು, ಅವರ ಆಹಾರ, ಅವರ ಅಭ್ಯಾಸಕ್ರಮ ಮೊದಲಾದುವನ್ನು ಅದು ಶಾಸ್ತ್ರೋಕ್ತವಾಗಿ ನಿರೂಪಿಸುತ್ತದೆ. ಮುಧೋಳವು ರನ್ನನ ಜನ್ಮಸ್ಥಳ. ಭೀಮದುರ್ಯೋಧನರ ಕಾಳಗವನ್ನೇ ವಸ್ತುವಾಗಿ ಮಾಡಿಕೊಂಡ ‘ಗದಾಯುದ್ಧ’ದ ಕವಿ ಹುಟ್ಟಿದ ನೆಲದಲ್ಲಿ ದ್ವಂದ್ವಯುದ್ಧದ ಗೀಳು ಇಂದಿಗೂ ಆರದಿರುವುದು ನನಗೆ ಸಂತೋಷದ ವಿಷಯ. ವ್ಯಾಸಭಾರತದ ಶಲ್ಯಪರ್ವದಲ್ಲಿ ಆ ಕಾಳಗ ಕೊನೆಗಾಣುವ ಬಗೆಯನ್ನು ಮಲ್ಲನ ಕಣ್ಣಿನಿಂದ ಒಮ್ಮೆ ನೋಡಬೇಕು. ಭೀಮನ ಹೊಡೆತವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ದುರ್ಯೋಧನನು ಮೇಲಕ್ಕೆ ನೆಗೆಯುತ್ತಾನೆ. ಅವನು ನೆಗೆಯುವನೆಂಬುದನ್ನು ಮೊದಲೇ ಅರಿತ ಭೀಮನ ಗದೆಯು ಆ ಗಳಿಗೆಯಲ್ಲೇ ಅವನ ತೊಡೆಗಳ ಮೇಲೆ ಬೀಳುತ್ತದೆ. ಆ ಹೊಡೆತದ ಧರ್ಮಾಧರ್ಮಗಳನ್ನು ಪಂಡಿತರು ಚರ್ಚಿಸಲಿ. ಎದುರಾಳಿಯ ಕಾಲು ನೆಲದ ಆಸರೆಯನ್ನು ಬಿಟ್ಟ ಗಳಿಗೆಯನ್ನು ಮುಂಗಂಡವನೇ ಗೆದ್ದನೆಂಬ ಮಾತನ್ನು ಗರಡಿಯಲ್ಲಿ ಮೈಮಣ್ಣು ಮಾಡಿಕೊಂಡ ಯಾವನಾದರೂ ಒಪ್ಪುವನು.

ನೆಲೆ ತಪ್ಪುವುದೆಂದರೆ ಏನು? ನಿಂತ ಮನುಷ್ಯನ ದೇಹಭಾರವೆಲ್ಲವೂ ಒಂದೇ ಬಿಂದುವಿನಲ್ಲಿ ಸಂಗ್ರಹವಾದಂತೆ ವರ್ತಿಸುವ ಸ್ಥಾನವೊಂದುಂಟು, ಅದನ್ನು ಗುರುತ್ವಕೇಂದ್ರವೆನ್ನುತ್ತಾರೆ. ನೆಟ್ಟಗೆ ನಿಂತಾಗ ಅದು ನಾಭಿಗಿಂತ ತುಸು ಕೆಳಗೆ, ಅಂಗಾಲಿನಿಂದ ಅಳೆದರೆ ಎತ್ತರದ ನೂರರಲ್ಲಿ ಸುಮಾರು 55 ಪಾಲಿನಷ್ಟು ಮೇಲೆ ಇರುತ್ತದೆ. ಅಲ್ಲಿಂದ ನೆಲಕ್ಕೆ ನೇರವಾಗಿ ಇಳಿಬಿಟ್ಟ ಗೆರೆಯು ಎರಡು ಪಾದಗಳೂ ಅವುಗಳ ನಡುವಣ ನೆಲವೂ ಸೇರಿ ಆಗುವ ಆವರಣದ ಒಳಗೆ ಬೀಳುವವರೆಗೆ ಮನುಷ್ಯನು ನಿಂತಿರುತ್ತಾನೆ. ಆ ಗೆರೆ ಆವರಣದ ಅಂಚನ್ನು ದಾಟಿತೆಂದರೆ, ಕಾಲನ್ನು ಬೇರೆಡೆಗೆ ಇಟ್ಟು ಹೊಸ ಆವರಣವನ್ನು ಮಾಡಿಕೊಳ್ಳದ ಹೊರತು ಬೀಳಲೇಬೇಕು. ಪೈಲವಾನನು ಮೊಣಕಾಲು ಮಡಿಸಿ, ಪಾದಗಳನ್ನು ಅಗಲಿಸಿ ನಿಲ್ಲುವುದು ಈ ಕಾರಣದಿಂದಲೇ. ಅದರಿಂದ ಗುರುತ್ವಕೇಂದ್ರ ಕೆಳಕ್ಕಿಳಿಯುತ್ತದೆ, ಆವರಣ ಹಿಗ್ಗುತ್ತದೆ. ಆದರೆ ಆವರಣವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹಿಗ್ಗುವುದಿಲ್ಲವೆಂಬುದರಲ್ಲಿಯೇ ಈ ವಿದ್ಯೆಯ ರಹಸ್ಯವೆಲ್ಲ ಅಡಗಿದೆ. ಎರಡು ಪಾದಗಳನ್ನು ಸೇರಿಸುವ ಗೆರೆಯ ಉದ್ದಕ್ಕೆ ಮನುಷ್ಯನು ಗಟ್ಟಿ. ಆ ಗೆರೆಗೆ ಅಡ್ಡಲಾದ ದಿಕ್ಕಿನಲ್ಲಿ, ಮುಂದಕ್ಕಾಗಲಿ ಹಿಂದಕ್ಕಾಗಲಿ, ಅವನಿಗೆ ಆಸರೆಯಾಗುವ ಮೂರನೆಯ ಕಾಲಿಲ್ಲ. ಅವನು ನಿಲುವನ್ನು ಹೇಗೆ ಬದಲಾಯಿಸಿದರೂ ಈ ದುರ್ಬಲ ದಿಕ್ಕು ಅವನೊಡನೆ ತಿರುಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಇದರ ಪ್ರಮಾಣವನ್ನು ಲೆಕ್ಕಮಾಡಿ ನೋಡುವುದು ಕಷ್ಟವಲ್ಲ. 80 ಕಿಲೋ ತೂಕದ ಮನುಷ್ಯನೊಬ್ಬನು ತನ್ನ ಪಾದಗಳನ್ನು ಅಕ್ಕಪಕ್ಕದಲ್ಲಿ 60 ಸೆಂಟಿಮೀಟರು ಅಗಲಿಸಿ ನಿಂತಿದ್ದಾನೆ. ಅವನನ್ನು ನೆಲದಿಂದ ಒಂದು ಮೀಟರು ಎತ್ತರದಲ್ಲಿ ಹಿಡಿದು ನಾವು ಎಳೆಯುತ್ತೇವೆ ಎಂದಿಟ್ಟುಕೊಳ್ಳೋಣ. ಪಕ್ಕಕ್ಕೆ ಎಳೆದರೆ ಅವನ ಭಾರವನ್ನು ನಡುವಿನಿಂದ ಅಂಚಿಗೆ 30 ಸೆಂಟಿಮೀಟರು ಸರಿಸಬೇಕು. ಅದಕ್ಕೆ ಸುಮಾರು 24 ಕಿಲೋ ಭಾರದಷ್ಟು ಸೆಳೆತ ಬೇಕಾಗುತ್ತದೆ. ಮುಂದಕ್ಕೆ ಎಳೆದರೆ ಪಾದದ ನಡುವಿನಿಂದ ಬೆರಳ ತುದಿಗೆ ಇರುವುದು 12 ಸೆಂಟಿಮೀಟರಿನಷ್ಟು ದೂರ ಮಾತ್ರ; ಹತ್ತು ಕಿಲೋ ಭಾರದ ಸೆಳೆತವೇ ಸಾಕು. ಹತ್ತು ಕಿಲೋ ಎಂದರೆ ನಮ್ಮ ಸೀಮೆಯ ಹತ್ತು ವರ್ಷದ ಹುಡುಗನೂ ಎತ್ತುವ ಒಂದು ಬೆಲ್ಲದ ಪೆಂಟೆಯ ತೂಕ. ಅದೇ ಮನುಷ್ಯನನ್ನು ನೆಲದಿಂದ ಮೇಲೆತ್ತಿ ಒಗೆಯಬೇಕಾದರೆ 80 ಕಿಲೋವನ್ನೂ ಹೊರಬೇಕು. ಸಂಗ್ರಾಣಿ ಕಲ್ಲು ಎತ್ತಿ ಬೆಳೆದ ಬಲಶಾಲಿಗೂ ಪಂದ್ಯದ ಆರು ನಿಮಿಷಗಳ ಕಾಲ ಆ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ದುಸ್ಸಾಧ್ಯ. ದಿಕ್ಕನ್ನು ಅರಿತವನಿಗೆ ಅದರ ಎಂಟನೆಯ ಒಂದು ಭಾಗದ ಶ್ರಮ ಸಾಕಾಗುತ್ತದೆ.

ಲೆಕ್ಕವು ಇಷ್ಟು ಸರಳವಾಗಿರುವಾಗ ಕುಸ್ತಿಯು ಕಠಿಣವಾಗುವುದೇಕೆಂದರೆ, ಎದುರಾಳಿಯು ಸುಮ್ಮನೆ ನಿಂತಿರುವುದಿಲ್ಲ. ಎಳೆದ ಕೂಡಲೇ ಅವನು ಹಿಂದಕ್ಕೆ ವಾಲುತ್ತಾನೆ. ನೂಕಿದರೆ ಮುಂದಕ್ಕೆ ಒತ್ತುತ್ತಾನೆ. ಯಾವ ಕಡೆಗೆ ನೆಲೆ ತಪ್ಪುತ್ತಿದೆಯೋ ಆ ಕಡೆಗೆ ಹೆಜ್ಜೆಯಿಟ್ಟು ಹೊಸ ನೆಲೆ ಕಂಡುಕೊಳ್ಳುತ್ತಾನೆ. ಇವು ಬುದ್ಧಿಪೂರ್ವಕವಾದ ಕ್ರಿಯೆಗಳಲ್ಲ, ಶರೀರವು ತಾನಾಗಿ ನೀಡುವ ಉತ್ತರಗಳು. ಆದುದರಿಂದ ನಿಪುಣನಾದ ಮಲ್ಲನು ಆ ಉತ್ತರವನ್ನೇ ಬಯಸಿ ಪ್ರಶ್ನೆಯನ್ನು ಹಾಕುತ್ತಾನೆ. ಎಳೆಯಬೇಕೆಂದಿರುವವನು ಮೊದಲು ಮೆಲ್ಲನೆ ನೂಕುತ್ತಾನೆ. ಎದುರಾಳಿ ಪ್ರತಿಯಾಗಿ ಒತ್ತಿ ಬಂದಾಗ ಆ ಒತ್ತಡಕ್ಕೆ ತನ್ನ ಸೆಳೆತವನ್ನೂ ಕೂಡಿಸುತ್ತಾನೆ. ಜಪಾನಿನ ಜಿಗೊರೊ ಕಾನೊ 1882ರಲ್ಲಿ ಕೋಡೋಕಾನ್ ಎಂಬ ಶಾಲೆಯನ್ನು ತೆರೆದು ಜೂಡೋ ಕಲೆಯನ್ನು ರೂಪಿಸಿದಾಗ ಈ ಅಂಶಕ್ಕೆ ಪ್ರಥಮಸ್ಥಾನವನ್ನು ಕೊಟ್ಟರು. ನೆಲೆಯನ್ನು ಕೆಡಿಸುವುದು, ಪಟ್ಟಿಗೆ ಅನುವಾಗಿ ಹೊಂದಿಕೊಳ್ಳುವುದು, ಎಸೆಯುವುದು ಎಂದು ಎಸೆತವೊಂದನ್ನು ಮೂರು ಹಂತಗಳಾಗಿ ವಿಂಗಡಿಸಿ, ನೆಲೆ ಕೆಡಿಸುವುದಕ್ಕೆ ಎಂಟು ದಿಕ್ಕುಗಳನ್ನು ಹೇಳಿ, ಅದನ್ನೇ ಪ್ರತ್ಯೇಕವಾಗಿ ಅಭ್ಯಾಸ ಮಾಡಿಸಿದರು. ಕಾನೊ ಸ್ವತಃ ಅಲ್ಪಕಾಯರು. ತಮಗಿಂತ ದೊಡ್ಡ ದೇಹದವರು ಹೇಗೆ ಬೀಳುತ್ತಾರೆಂಬ ವಿಚಾರವು ಅವರಿಗೆ ಅನಿವಾರ್ಯವಾಗಿತ್ತು. ನಮ್ಮ ವಸ್ತಾದರು ಇದನ್ನು ಹಂತಗಳಾಗಿ ಬರೆದಿಡಲಿಲ್ಲ. ಆದರೆ ಶಿಷ್ಯನು ಬಲ ಹಾಕಿ ಎಳೆಯತೊಡಗಿದೊಡನೆ, ‘ಜಗ್ಗಬ್ಯಾಡೋ ತಮ್ಮಾ, ಮೊದಲ ಅವನ ಕಾಲ್ ನೋಡು’ ಎಂದು ಅವರು ಗದರಿಸುವುದರಲ್ಲಿ ಆ ಸಿದ್ಧಾಂತವೆಲ್ಲವೂ ಇದೆ.

ಇನ್ನು ಪಟ್ಟಿನ ವಿಚಾರ. ನೆಲೆ ತಪ್ಪಿಸುವುದನ್ನು ಕಲಿಸುವುದಕ್ಕೆ ಮೂಲಪಾಠವಾಗಿ ಯಾವುದನ್ನು ಆರಿಸಬೇಕೆಂದು ಕೇಳಿದರೆ, ಹಿಂದೂಸ್ತಾನಿ ಅಖಾಡಗಳಲ್ಲಿ ‘ದಸ್ತಿ’ ಎಂದು ಕರೆಯುವ, ಎದುರಾಳಿಯ ಕೈಯನ್ನು ಸೆಳೆದು ಅವನ ಬೆನ್ನ ಹಿಂದಕ್ಕೆ ಹೋಗುವ ಪಟ್ಟನ್ನು ನಾನು ನಿಸ್ಸಂಶಯವಾಗಿ ಹೇಳುವೆನು. ಇದರಲ್ಲಿ ಎತ್ತುವುದಿಲ್ಲ, ಒಗೆಯುವುದಿಲ್ಲ. ಕಲಿಯುವವನಿಗೂ ಜೊತೆಗಾರನಿಗೂ ಅಪಾಯವಿಲ್ಲ. ಮತ್ತು ಇದು ಸಿದ್ಧಿಸಿದವನಿಗೆ ಮಿಕ್ಕ ಪಟ್ಟುಗಳ ಬಾಗಿಲು ತೆರೆದಂತೆಯೇ ಸರಿ. ಎದುರಾಳಿಯ ಬಲಗೈ ನಮ್ಮ ಕೊರಳಿನತ್ತಲೋ ಭುಜದತ್ತಲೋ ಚಾಚಿದೆ ಎಂದು ಭಾವಿಸಿ. ನಮ್ಮ ಎಡಗೈಯಿಂದ ಆ ಬಲಗೈಯ ಮಣಿಕಟ್ಟನ್ನು ಹಿಡಿಯಬೇಕು. ನಮ್ಮ ಬಲಗೈಯನ್ನು ಎದೆಗೆ ಅಡ್ಡವಾಗಿ ಒಯ್ದು, ಅವನ ಅದೇ ಬಲಗೈಯ ರಟ್ಟೆಯನ್ನು ಕಂಕುಳಿಗೆ ಆದಷ್ಟು ಸಮೀಪದಲ್ಲಿ ಒಳಮಗ್ಗುಲಿನಿಂದ ಬಳಸಿ ಹಿಡಿಯಬೇಕು. ಹೆಬ್ಬೆರಳು ಬೇರೆಯಾಗಿ ನಿಲ್ಲದೆ ಉಳಿದ ಬೆರಳುಗಳ ಜೊತೆಗೇ ಇರಬೇಕು, ಏಕೆಂದರೆ ಬೇರ್ಪಟ್ಟ ಹೆಬ್ಬೆರಳು ಸೆಳೆತದಲ್ಲಿ ಸಿಕ್ಕಿ ಉಳುಕುವುದುಂಟು. ಅನಂತರ ಆ ರಟ್ಟೆಯನ್ನು ನಮ್ಮ ಬಲಸೊಂಟದ ಕಡೆಗೆ ಓರೆಯಾಗಿ ಕೆಳಮುಖವಾಗಿ ಸೆಳೆಯುತ್ತ, ಅದೇ ಕ್ಷಣದಲ್ಲಿ ನಮ್ಮ ಬಲಗಾಲನ್ನು ಅವನ ಬಲಪಾದದ ಪಕ್ಕಕ್ಕೆ ಊರಿ, ಎಡಗಾಲನ್ನು ಹೊರಗಿನಿಂದ ಅರ್ಧವೃತ್ತವಾಗಿ ತಿರುಗಿಸಿ ಅವನ ಹಿಂದಕ್ಕೆ ತರಬೇಕು. ಮಣಿಕಟ್ಟನ್ನು ಬಿಟ್ಟ ಎಡಗೈ ಅವನ ಸೊಂಟವನ್ನು ಬಳಸುತ್ತದೆ, ನಮ್ಮ ಎದೆ ಅವನ ಬೆನ್ನಿಗೆ ಒತ್ತಿ ನಿಲ್ಲುತ್ತದೆ. ಎದುರಿಗಿದ್ದವನು ಈಗ ನಮಗೆ ಬೆನ್ನು ಕೊಟ್ಟಿದ್ದಾನೆ.

ಓದುವುದಕ್ಕೆ ಇಷ್ಟೇ. ಕಲಿಯತೊಡಗಿದವನು ಮಾಡುವ ಮೊದಲ ತಪ್ಪು, ರಟ್ಟೆಯನ್ನು ಬಿಟ್ಟು ಮಣಿಕಟ್ಟನ್ನೇ ಜಗ್ಗುವುದು. ಮಣಿಕಟ್ಟನ್ನು ಎಷ್ಟು ಜಗ್ಗಿದರೂ ಮೊಣಕೈ ನೆಟ್ಟಗಾಗುವುದೇ ಹೊರತು ಮೈ ಕದಲುವುದಿಲ್ಲ. ಕಂಕುಳ ಬಳಿಯ ಸೆಳೆತವು ಭುಜದ ಮೂಲಕ ಬೆನ್ನೆಲುಬಿಗೆ, ಬೆನ್ನೆಲುಬಿನ ಮೂಲಕ ಸೊಂಟಕ್ಕೆ ಮುಟ್ಟಿ ಇಡಿಯ ಮನುಷ್ಯನನ್ನು ತಿರುಗಿಸುತ್ತದೆ. ಇದಕ್ಕಿಂತ ಹಾನಿಕರವಾದ ಎರಡನೆಯ ತಪ್ಪೆಂದರೆ, ಎದುರಾಳಿಯನ್ನು ತನ್ನ ಎದೆಗೇ ಎಳೆದುಕೊಳ್ಳುವುದು. ಹಾಗೆ ಬಂದವನು ಎದೆಗೆ ಎದೆ ಕೊಟ್ಟು ನಮ್ಮನ್ನೇ ತಬ್ಬಿ ಹಿಡಿಯುತ್ತಾನೆ. ಸೆಳೆತವು ಅವನನ್ನು ನಮ್ಮ ಪಕ್ಕದಿಂದ ದಾಟಿಸಿ ಮುಂದಕ್ಕೆ ಕಳುಹಿಸುವಂತಿರಬೇಕು. ಇನ್ನು ಕೆಲವರು ಸೆಳೆಯುವಾಗ ತಾವೇ ಹಿಂದಕ್ಕೆ ವಾಲಿ, ಹಿಡಿತ ಜಾರಿದಾಗ ತಾವೇ ಬೀಳುತ್ತಾರೆ. ಪರರ ನೆಲೆಯನ್ನು ಕೆಡಿಸುವವನು ತನ್ನ ನೆಲೆಯನ್ನು ಒಂದು ಅಂಗುಲವೂ ಕೊಡಬಾರದು. ಸೆಳೆತವು ತೋಳಿನಿಂದ ಹುಟ್ಟದೆ, ಮಡಿಸಿದ ಮೊಣಕಾಲು ಮತ್ತು ತಿರುಗುವ ಸೊಂಟಗಳಿಂದ ಹುಟ್ಟಿ ತೋಳಿನ ಮೂಲಕ ಹರಿಯಬೇಕು.

ಕೈಯೂ ಕಾಲೂ ಒಂದೇ ಕಾಲದಲ್ಲಿ ದುಡಿಯುವುದು ಇದರ ಅತ್ಯಂತ ಕಠಿಣವಾದ ಭಾಗ. ರಬಕವಿ-ಬನಹಟ್ಟಿಯ ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯುವ ನೇಕಾರನನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು: ಕುಣಿಯೊಳಗಿನ ಅವನ ಕಾಲು ಹಲಗೆಯನ್ನು ತುಳಿದು ಹಾಸಿನ ಎಳೆಗಳನ್ನು ಬಿಡಿಸಿದ ಗಳಿಗೆಯಲ್ಲೇ ಅವನ ಕೈ ಲಾಳಿಯನ್ನು ದಾಟಿಸುತ್ತದೆ, ಕಾಲು ತಡವಾದರೆ ಲಾಳಿಗೆ ದಾರಿಯಿಲ್ಲ, ಕೈ ತಡವಾದರೆ ತೆರೆದ ದಾರಿ ಮುಚ್ಚಿಹೋಗುತ್ತದೆ. ದಸ್ತಿಯಲ್ಲಿಯೂ ಕೈ ಮೊದಲು ಸೆಳೆದು ಕಾಲು ಅನಂತರ ಹೊರಟರೆ, ಆ ಅವಕಾಶದಲ್ಲಿ ಎದುರಾಳಿ ಒಂದು ಹೆಜ್ಜೆ ಇಟ್ಟು ನೆಟ್ಟಗಾಗಿಬಿಡುತ್ತಾನೆ. ಕಾಲು ಮೊದಲು ಹೊರಟರೆ ಅವನ ನೆಲೆ ಇನ್ನೂ ಭದ್ರವಾಗಿರುವಾಗಲೇ ನಾವು ಅವನ ತೋಳಿನೊಳಗೆ ಹೋಗಿ ಸಿಕ್ಕಿಕೊಳ್ಳುತ್ತೇವೆ. ಮೈಗೆ ತಗುಲಿದ ಸೆಳೆತಕ್ಕೆ ಮನುಷ್ಯನು ಪ್ರತಿಕ್ರಿಯೆ ತೋರುವುದಕ್ಕೆ ಒಂದು ಸೆಕೆಂಡಿನ ಸುಮಾರು ಐದನೆಯ ಒಂದು ಭಾಗ ಹಿಡಿಯುತ್ತದೆ. ಪಟ್ಟಿನ ಅರ್ಧವು ಅಷ್ಟರೊಳಗೆ ಮುಗಿದಿರಬೇಕು.

ಹಾಗಾದರೆ ಯಾವಾಗ ಸೆಳೆಯಬೇಕು? ಎದುರಾಳಿ ಹೆಜ್ಜೆಯಿಡುತ್ತಿರುವಾಗ. ಮನುಷ್ಯನು ಹೆಜ್ಜೆಯಿಡಬೇಕಾದರೆ ಮೊದಲು ಭಾರವನ್ನೆಲ್ಲ ಒಂದು ಕಾಲಿಗೆ ಒಪ್ಪಿಸಿ ಇನ್ನೊಂದನ್ನು ಹಗುರ ಮಾಡಿಕೊಳ್ಳಬೇಕು. ಮೇಲೆದ್ದ ಆ ಪಾದವು ನೆಲಕ್ಕೆ ತಾಗಿ ಭಾರ ಹೊರುವವರೆಗೆ ಅವನ ಆವರಣವು ಒಂದೇ ಪಾದದಷ್ಟು ಕಿರಿದಾಗಿರುತ್ತದೆ. ಎಂತಹ ಬಲಶಾಲಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ. ಮುಂದಿಟ್ಟ ಬಲಗಾಲು ನೆಲವನ್ನು ಮುಟ್ಟಿದೆ, ಭಾರವನ್ನು ಇನ್ನೂ ಹೊತ್ತಿಲ್ಲ ಎಂಬ ಆ ಸಂಧಿಕಾಲದಲ್ಲಿ ಅವನ ಬಲಗೈ ಸೆಳೆಯಲ್ಪಟ್ಟರೆ, ಅವನು ಇಡಬೇಕೆಂದಿದ್ದ ಹೆಜ್ಜೆಯೇ ತನ್ನ ಉದ್ದೇಶವನ್ನು ಮೀರಿ ದೀರ್ಘವಾಗಿ ಅವನನ್ನು ಮುಂದಕ್ಕೆ ಕೊಂಡೊಯ್ಯುತ್ತದೆ. ಇದನ್ನು ಗುರುತಿಸಲು ಕಾಲನ್ನೇ ದಿಟ್ಟಿಸಿ ನೋಡಬೇಕಾಗಿಲ್ಲ. ತಲೆ ತಗ್ಗಿಸಿ ಕಾಲು ನೋಡುವವನು ಬೇಗನೆ ಕೊರಳು ಕೊಡುತ್ತಾನೆ. ಎದೆಯ ಮೇಲ್ಭಾಗದಲ್ಲಿ ದೃಷ್ಟಿಯನ್ನು ನಿಲ್ಲಿಸಿದರೆ ಭುಜಗಳ ಅಲ್ಪ ಚಲನೆಯಿಂದ ಕಾಲಿನ ಸುದ್ದಿ ತಿಳಿಯುತ್ತದೆ. ಅಭ್ಯಾಸ ಬಲಿತ ಮೇಲೆ ಹಿಡಿದ ಮಣಿಕಟ್ಟೇ ಅದನ್ನು ಹೇಳುತ್ತದೆ. ವಸ್ತಾದನು ‘ಕಾಲ್ ನೋಡು’ ಎಂದು ಗದರಿಸುವುದು ಹೊಸಬನಿಗೆ; ಕಣ್ಣಿನಿಂದ ಕಲಿತುದನ್ನು ಕೈ ತಿಳಿಯುವವರೆಗೆ ಆ ಮಾತು ಬೇಕು, ಆಮೇಲೆ ಬೇಡ.

ಈ ಪರಿಣತಿಯನ್ನು ಪಡೆಯುವ ಕ್ರಮದಲ್ಲಿ ಗರಡಿಯ ಹಳೆಯ ಪದ್ಧತಿಗೆ ಸಮನಾದುದನ್ನು ನಾನು ಕಾಣೆ. ನಸುಕಿನಲ್ಲಿ ಬಂದ ಹುಡುಗನು ಮೊದಲು ಸಲಿಕೆ ಹಿಡಿದು ಕಣದ ಮಣ್ಣನ್ನು ಅಗೆದು ಮಗುಚಬೇಕು. ಈ ಸೀಮೆಯ ಹೊಲಗಳದು ಬಹುಪಾಲು ಎರೆಮಣ್ಣು. ಅದು ಒಣಗಿದರೆ ಬಿರುಕು, ನೆನೆದರೆ ಅಂಟು. ಆದುದರಿಂದ ಗರಡಿಗೆ ಮೆದುವಾದ ಕೆಂಪು ಮಣ್ಣನ್ನು ಬೇರೆಡೆಯಿಂದ ತಂದು, ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸ, ಕರ್ಪೂರಗಳನ್ನು ಬೆರೆಸಿ ಹದ ಮಾಡುತ್ತಾರೆ. ಅಗೆದ ಮಣ್ಣಿನಲ್ಲಿ ಪಾದ ಹೂಳುತ್ತದೆ. ಹೆಜ್ಜೆಯನ್ನು ಎಳೆದಾಡದೆ ಎತ್ತಿ ಇಡಬೇಕಾಗುತ್ತದೆ. ಹೀಗೆ ಪಾಠ ಆರಂಭವಾಗುವುದಕ್ಕೆ ಮುನ್ನವೇ ಕಾಲುಗಳು ತಮ್ಮ ಭಾರವನ್ನು ಅರಿಯತೊಡಗುತ್ತವೆ. ಹನುಮಂತನಿಗೆ ಕೈಮುಗಿದು, ದಂಡ ಬೈಠಕಗಳನ್ನು ಮುಗಿಸಿದ ಅನಂತರ ಜೋಡಿ ಕೂಡಿಸಿ, ಮೊದಲು ಪಟ್ಟೇ ಇಲ್ಲದೆ, ಪರಸ್ಪರ ಕೊರಳು ತೋಳುಗಳ ಮೇಲೆ ಕೈಯಿಟ್ಟು ಕಣವನ್ನು ಸುತ್ತಿಸಬೇಕು. ಜೊತೆಗಾರನ ಭಾರ ಯಾವ ಕಾಲಿನಲ್ಲಿದೆಯೆಂಬುದನ್ನು ಹುಡುಗನು ಕಣ್ಣು ಮುಚ್ಚಿ ಹೇಳಬಲ್ಲವನಾದ ಮೇಲೆ, ಒಬ್ಬನು ಕೈ ಕೊಡುವುದು, ಇನ್ನೊಬ್ಬನು ನಿಧಾನವಾಗಿ ಸೆಳೆದು ಹಿಂದಕ್ಕೆ ಹೋಗುವುದು. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟು. ತಿಂಗಳುಗಟ್ಟಲೆ ಇದೇ ನಡೆಯಬೇಕು. ಜೊತೆಗಾರನು ತುಸುತುಸುವಾಗಿ ವಿರೋಧವನ್ನು ಹೆಚ್ಚಿಸುತ್ತ ಹೋಗಬೇಕೇ ಹೊರತು ಮೊದಲ ವಾರದಲ್ಲೇ ಗೆಲ್ಲಹೊರಡಬಾರದು. ಗೆಲ್ಲಹೊರಟ ಜೊತೆಗಾರನ ಮೇಲೆ ಕಲಿಯುವವನು ಬಲವನ್ನು ಹಾಕುತ್ತಾನೆ; ಬಲದಿಂದ ಒಮ್ಮೆ ಸಾಧಿಸಿದ ಪಟ್ಟನ್ನು ಕುಶಲತೆಯಿಂದ ಮಾಡುವುದನ್ನು ಅವನು ಮತ್ತೆ ಕಲಿಯುವುದು ಬಹಳ ಕಷ್ಟ.

ಈಚೆಗೆ ಮಣ್ಣಿನ ಸ್ಥಾನವನ್ನು ಮ್ಯಾಟು ಆಕ್ರಮಿಸುತ್ತಿದೆ, ನಿಕಾಲಿ ಕುಸ್ತಿಯ ಸ್ಥಾನವನ್ನು ಅಂಕಗಳ ಕುಸ್ತಿ ಆಕ್ರಮಿಸುತ್ತಿದೆ. ಇದಕ್ಕಾಗಿ ಹಲವರು ವ್ಯಥೆಪಡುತ್ತಾರೆ. ನನಗೆ ಅದರಲ್ಲಿ ಅಷ್ಟು ವ್ಯಥೆಯಿಲ್ಲ. ಬೆನ್ನು ಹತ್ತುವವರೆಗೆ ಗಂಟೆಗಟ್ಟಲೆ ಕಾಯಬಹುದಾಗಿದ್ದ ಹಳೆಯ ಕುಸ್ತಿಯಲ್ಲಿ ಮೈತೂಕವೂ ದಮ್ಮೂ ದೊಡ್ಡ ಆಸ್ತಿಯಾಗಿದ್ದುವು. ಮೂರು ಮೂರು ನಿಮಿಷಗಳ ಎರಡು ಸುತ್ತುಗಳಲ್ಲಿ, ಸಮತೂಕದವನ ಎದುರಿಗೆ ನಿಂತವನಿಗೆ ನೆಲೆ ತಪ್ಪಿಸುವ ಕೌಶಲವೇ ಮುಖ್ಯವಾದ ಬಂಡವಾಳ. ದಸ್ತಿ ಎಳೆದು ಹಿಂದೆ ಹೋಗಿ ಎದುರಾಳಿಯನ್ನು ನೆಲಕ್ಕೆ ತಂದು ಹಿಡಿತದಲ್ಲಿರಿಸಿಕೊಂಡರೆ ಎರಡು ಅಂಕಗಳು. ಎಷ್ಟೋ ಪಂದ್ಯಗಳು ಅಷ್ಟರಲ್ಲೇ ಇತ್ಯರ್ಥವಾಗುತ್ತವೆ. ಗ್ರೀಕೋ-ರೋಮನ್ ಪದ್ಧತಿಯಲ್ಲಂತೂ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ, ಕಾಲಿನಿಂದ ತೊಡರು ಹಾಕುವಂತಿಲ್ಲ. ತೋಳು ಎದೆಗಳ ಸೆಳೆತದಿಂದಲೇ ನೆಲೆಯನ್ನು ಕದಲಿಸಬೇಕು. ಬಾಗಲಕೋಟೆ ಜಿಲ್ಲೆಯವರೇ ಆದ ಅರ್ಜುನ ಹಲಕುರ್ಕಿಯವರು 2020ರಲ್ಲಿ ದಿಲ್ಲಿಯ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಆ ಪದ್ಧತಿಯ 55 ಕಿಲೋ ವರ್ಗದಲ್ಲಿ ಕಂಚಿನ ಪದಕವನ್ನು ಪಡೆದರು. ಅದಕ್ಕೂ ಬಹು ಹಿಂದೆ, 1952ರಲ್ಲಿ ಹೆಲ್ಸಿಂಕಿಯಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕವನ್ನು ತಂದ ಖಾಶಾಬಾ ಜಾಧವರು ಕರಾಡದ ಬಳಿಯ ಗೋಳೇಶ್ವರದವರು, ಕೊಲ್ಲಾಪುರದಲ್ಲಿ ಓದಿದವರು. ಮಣ್ಣಿನಲ್ಲಿ ಪಳಗಿದ ಅವರ ಧಾಕ್ ಪಟ್ಟು ಪ್ರಸಿದ್ಧವಾಗಿತ್ತು. ಎದುರಾಳಿಯ ಕೊರಳನ್ನು ತೋಳಿನಿಂದ ಬಂಧಿಸಿ, ಸೊಂಟವನ್ನು ತಿರುಗಿಸಿ ಉರುಳಿಸುವ ಆ ಪಟ್ಟು ಕೂಡ ಎದುರಾಳಿ ಬೆರಳುಗಳ ಮೇಲೆ ಬಂದು ನಿಂತ ಮೇಲಲ್ಲದೆ ಫಲಿಸದು. ಮಣ್ಣಾದರೇನು, ಮ್ಯಾಟಾದರೇನು, ಗುರುತ್ವದ ನಿಯಮ ಒಂದೇ.

ನನ್ನ ವ್ಯಥೆ ಬೇರೆಯದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗಾಗಿ ಬೀಳಗಿಯ ಕಡೆಯ ಎಷ್ಟೋ ಹಳ್ಳಿಗಳು ನದಿಯ ದಂಡೆಯ ನೆಲೆಯನ್ನು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದುವು. ಮನೆ, ಶಾಲೆ, ಗುಡಿಗಳಿಗೆ ಜಾಗ ಗೊತ್ತುಮಾಡುವಾಗ ಗರಡಿಮನೆಗೂ ಒಂದು ನಿವೇಶನ ಬೇಕೆಂದು ಕೇಳುವುದು ಊರಿನ ಹಿರಿಯರ ಕರ್ತವ್ಯವೆಂದು ನಾನು ತಿಳಿದಿದ್ದೇನೆ. ಅದಕ್ಕೆ ಬೇಕಾಗುವುದು ನಾಲ್ಕು ಗೋಡೆ, ಒಂದು ಮಾಡು, ಕೆಲವು ಬಂಡಿ ಮಣ್ಣು ಮತ್ತು ಕಲಿಸುವ ಒಬ್ಬ ವಸ್ತಾದ. ಮತ್ತು ಆ ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೂ ತೆರೆದಿರಬೇಕು. 2004ರಿಂದ ಒಲಿಂಪಿಕ್ಸಿನಲ್ಲಿ ಮಹಿಳೆಯರ ಕುಸ್ತಿಯಿದೆ. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು. ಬಲದಿಂದ ಹೆಣಗುವ ದುರಭ್ಯಾಸ ಅಂಟಿಕೊಳ್ಳುವ ಮೊದಲೇ ದಸ್ತಿಯನ್ನು ಕಲಿತ ಹುಡುಗಿಯು ಅದನ್ನು ಹುಡುಗರಿಗಿಂತ ಶುದ್ಧವಾಗಿ ಕಲಿಯುವಳೆಂದು ನನ್ನ ನಂಬಿಕೆ.

ಪಟ್ಟು ಕೈಗೆ ಹತ್ತಿದ ಮೇಲೆ ಕಲಿಸಬೇಕಾದುದು ಅದರ ತೋಡು, ಅಂದರೆ ಪ್ರತಿಪಟ್ಟು. ಸೆಳೆತ ತಗುಲಿದೊಡನೆ ಹಿಂದಕ್ಕೆ ಜಗ್ಗಿ ಹೋರಾಡುವವನು ಸೋಲುತ್ತಾನೆ. ಸೆಳೆಯಲ್ಪಟ್ಟವನು ಮೊಣಕೈಯನ್ನು ತನ್ನ ಪಕ್ಕೆಗೆ ಒತ್ತಿಕೊಂಡು, ಸೆಳೆತದ ದಿಕ್ಕಿಗೇ ಒಂದು ಹೆಜ್ಜೆ ಹೆಚ್ಚಾಗಿ ಹೋಗಿ, ಸೊಂಟವನ್ನು ಎದುರಾಳಿಯ ಕಡೆಗೆ ತಿರುಗಿಸಿಬಿಟ್ಟರೆ ಮತ್ತೆ ಮುಖಾಮುಖಿಯಾಗುತ್ತಾನೆ. ಆಗ ಎದುರಾಳಿಯ ಸೆಳೆಯುವ ಬಲಗೈ ಅವನ ಎದೆಯ ಮುಂದೆಯೇ ಇರುತ್ತದೆ, ಅದರ ರಟ್ಟೆಯನ್ನು ತನ್ನ ಬಲಗೈಯಿಂದ ಹಿಡಿದು ಅದೇ ದಸ್ತಿಯನ್ನು ಎದುರಾಳಿಯ ಮೇಲೆಯೇ ತಿರುಗಿಸಬಹುದು. ಅಭ್ಯಾಸ ಈ ಮಟ್ಟಕ್ಕೆ ಬಂದಾಗ ಇಬ್ಬರಲ್ಲಿ ಸೆಳೆಯುವವನಾರು, ಸೆಳೆಯಲ್ಪಡುವವನಾರು ಎಂಬುದು ಪ್ರತಿ ಹೆಜ್ಜೆಗೂ ಬದಲಾಗುತ್ತದೆ. ವಸ್ತಾದನು ಬಗಲ್‌ಡೂಬ್, ಧಾಕ್ ಮೊದಲಾದ ಮಿಕ್ಕ ಪಟ್ಟುಗಳನ್ನು ಆರಂಭಿಸಬೇಕಾದುದು ಅಲ್ಲಿಂದ ಮುಂದಕ್ಕೆ.